ಹಂಗಳದ ಹೋಂಸ್ಟೇಗಳು, ನಮ್ಮೂರ ಖಾಲಿ ಮನೆಗಳು: ಒಲೆ ಹೊತ್ತಿಸುವವರು ಯಾರು?

2025ರ ನವೆಂಬರ್ ಮೊದಲ ವಾರದಲ್ಲಿ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿ ಹಾಗೂ ಚಾರಣ ನಿಲ್ಲಿಸಲು ಆದೇಶಿಸಿದರು. ಸರಗೂರು ತಾಲೂಕಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹುಲಿ ದಾಳಿಗೆ ರೈತರು ಬಲಿಯಾಗಿದ್ದರು. ಸಫಾರಿಯಲ್ಲಿ ತೊಡಗಿದ್ದ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕಾರ್ಯಾಚರಣೆಗೆ ಕಳುಹಿಸಬೇಕಾಗಿತ್ತು. ಆ ಸುದ್ದಿ ಕರಾವಳಿಯ ಪತ್ರಿಕೆಗಳಲ್ಲೂ ಬಂತು. ನಾವೆಲ್ಲ ಓದಿದೆವು, ಅಯ್ಯೋ ಪಾಪ ಎಂದೆವು, ಪುಟ ತಿರುಗಿಸಿದೆವು.

ಆದರೆ ಆ ಸುದ್ದಿಯ ಒಳಗೆ ಇನ್ನೊಂದು ಸುದ್ದಿ ಇತ್ತು. ಕಾಡಂಚಿನ ರೈತರು ಹುಲಿಯ ಮೇಲಷ್ಟೇ ಸಿಟ್ಟಾಗಿರಲಿಲ್ಲ. ಅನಧಿಕೃತ ರೆಸಾರ್ಟು, ಹೋಂಸ್ಟೇಗಳನ್ನು ಮುಚ್ಚಿಸಿ ಎಂಬುದೂ ಅವರ ಬೇಡಿಕೆಯಾಗಿತ್ತು. ಅದಕ್ಕೆ ಎರಡು ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಗುಂಡ್ಲುಪೇಟೆ ತಾಲೂಕಿನ ಬೊಮ್ಮಲಾಪುರದ ರೈತರು ಹುಲಿಗೆಂದು ಇಟ್ಟ ಬೋನಿನೊಳಗೆ ಅರಣ್ಯ ಇಲಾಖೆಯ ಸಿಬ್ಬಂದಿಯನ್ನೇ ಕೂಡಿಹಾಕಿದ್ದರು. ಹಾಗೆ ಮಾಡಿದ್ದು ಸರಿಯಲ್ಲ. ಆದರೂ ಆ ಮಟ್ಟಕ್ಕೆ ಸಿಟ್ಟು ಏರಿದ್ದೇಕೆ ಎಂದು ಕೇಳದಿದ್ದರೆ ಅದೂ ಸರಿಯಲ್ಲ. ಊರಿನ ದನ ಹೋಗುತ್ತದೆ, ಬೆಳೆ ಹೋಗುತ್ತದೆ, ಕೆಲವೊಮ್ಮೆ ಮನುಷ್ಯನೇ ಹೋಗುತ್ತಾನೆ. ಅದೇ ಹುಲಿಯನ್ನು ನೋಡಲು ಬರುವವರ ಹಣ ಮಾತ್ರ ಊರಿಗೆ ಬರುವುದಿಲ್ಲ ಎಂಬ ಭಾವನೆ ಅಲ್ಲಿ ಬಲವಾಗಿ ಬೇರೂರಿದೆ.

ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಘಟ್ಟದ ಮೇಲಿನ ಈ ಜಗಳ ಕರಾವಳಿಯ ಕ್ರೈಸ್ತರಿಗೆ ಏಕೆ ಎಂದು ಓದುಗರು ಕೇಳಬಹುದು. ಕಾರಣ ಎರಡು. ಊಟಿಗೆ ಹೋಗುವ ನಮ್ಮ ಧರ್ಮಕೇಂದ್ರಗಳ ಪ್ರವಾಸದ ಬಸ್ಸುಗಳು ಮೈಸೂರು ದಾರಿ ಹಿಡಿದರೆ ಹಂಗಳದ ಮೂಲಕವೇ ಹೋಗುತ್ತವೆ. ಅದು ಮೊದಲನೆಯದು. ಎರಡನೆಯದು ಇನ್ನೂ ಹತ್ತಿರದ್ದು: ಹಂಗಳದಲ್ಲಿ ಈಗ ನಡೆಯುತ್ತಿರುವುದು ನಮ್ಮ ಕಡಲ ತೀರದ, ತೋಟದ ನಡುವಿನ ಮನೆಗಳಲ್ಲೂ ಶುರುವಾಗಿದೆ.

ಹಂಗಳ ಎಂಬ ಊರು

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೊರಟರೆ ಹತ್ತು ಕಿಲೋಮೀಟರಿನೊಳಗೇ ಸಿಗುವ ಊರು ಹಂಗಳ. ಅಲ್ಲಿಂದ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, 1,454 ಮೀಟರ್ ಎತ್ತರ. ಬೆಟ್ಟದ ಬುಡದಲ್ಲಿ ಖಾಸಗಿ ವಾಹನ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಮೇಲೆ ಹೋಗಬೇಕು. ತಿರುಗದೆ ನೇರ ಹೋದರೆ ಮೇಲುಕಾಮನಹಳ್ಳಿ, ಆಮೇಲೆ ಬಂಡೀಪುರದ ಕಾಡು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಹೊರಡಿಸಿದ ಆ ಆದೇಶವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಗೇಟಿಗೆ ತಡವಾಗಿ ಬಂದ ಬಸ್ಸಿನವರಿಗೆ ಈ ಕಡೆ ಎಲ್ಲಾದರೂ ತಂಗದೆ ಬೇರೆ ದಾರಿಯಿಲ್ಲ. ಊರಿನಲ್ಲಿ ವಸತಿಗೆ ಬೇಡಿಕೆ ಬರಲು ಇದೂ ಒಂದು ಕಾರಣ.

ಊರಿನ ಜನ ರೈತರು. ಮಳೆ ಕಡಿಮೆ, ಬೋರ್‌ವೆಲ್ಲೇ ಗತಿ. ಸೂರ್ಯಕಾಂತಿ, ಚೆಂಡು ಹೂ, ಈರುಳ್ಳಿ, ಅರಿಸಿನ, ಟೊಮೆಟೊ, ಬೀನ್ಸ್, ರಾಗಿ, ಹುರುಳಿ. ತರಕಾರಿ ತೆರಕಣಾಂಬಿ, ಗುಂಡ್ಲುಪೇಟೆಯ ಮಾರುಕಟ್ಟೆಗೆ ಹೋಗಿ ಅಲ್ಲಿಂದ ಲಾರಿ ಹತ್ತಿ ಕೇರಳಕ್ಕೆ ಹೋಗುತ್ತದೆ. ಜೂನ್, ಜುಲೈ ತಿಂಗಳಲ್ಲಿ ರಸ್ತೆಯ ಎರಡೂ ಬದಿ ಹಳದಿಯೋ ಹಳದಿ. ಹೋಗುವ ಕಾರುಗಳೆಲ್ಲ ನಿಲ್ಲುತ್ತವೆ, ಹೊಲದೊಳಗೆ ನುಗ್ಗಿ ಫೋಟೋ ತೆಗೆಯುತ್ತಾರೆ. ಗಿಡ ತುಳಿದು ಹಾಳಾದಾಗ ಕೆಲವು ರೈತರು ಫೋಟೋಗೆ ಇಂತಿಷ್ಟು ಎಂದು ದುಡ್ಡು ಕೇಳತೊಡಗಿದರು. ಅದನ್ನು ಕಂಡು ನಗುವವರುಂಟು. ನಮಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಪ್ರವಾಸಿಯ ಹಣ ರೈತನ ಕೈಗೆ ನೇರವಾಗಿ ಬಂದ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು!

ರಾತ್ರಿಯಾದರೆ ಇದೇ ಹೊಲಗಳಲ್ಲಿ ರೈತರು ಅಟ್ಟಣೆ ಕಟ್ಟಿ ಆನೆ, ಹಂದಿ ಕಾಯುತ್ತಾರೆ. 2019ರ ಅಕ್ಟೋಬರಿನಲ್ಲಿ ಚೌಡಹಳ್ಳಿ, ಹುಂಡೀಪುರ ಸುತ್ತಿನಲ್ಲಿ ಇಬ್ಬರನ್ನು ಕೊಂದ ಹುಲಿಯನ್ನು ಸೆರೆಹಿಡಿದದ್ದು ಹಂಗಳದಿಂದ ದೂರವೇನಲ್ಲ.

ಈ ಪ್ರದೇಶದ ಬಹುಭಾಗ ಬಂಡೀಪುರದ ಪರಿಸರ ಸೂಕ್ಷ್ಮ ವಲಯ. ಕೇಂದ್ರ ಸರಕಾರ 2012ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿ ಗುಂಡ್ಲುಪೇಟೆ, ನಂಜನಗೂಡು, ಹೆಗ್ಗಡದೇವನಕೋಟೆ ತಾಲೂಕುಗಳ 123 ಗ್ರಾಮಗಳನ್ನು ಅದರೊಳಗೆ ಸೇರಿಸಿತು. ಹೋಟೆಲು, ರೆಸಾರ್ಟು ಕಟ್ಟುವುದಕ್ಕೆ, ಜಮೀನನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸುವುದಕ್ಕೆ ಇಲ್ಲಿ ನಿಯಂತ್ರಣವಿದೆ. ಹಾಗಾಗಿ ಹೊರಗಿನಿಂದ ಬಂದು ವಸತಿ ವ್ಯವಹಾರ ಮಾಡಬೇಕೆನ್ನುವವರಿಗೆ ಸುಲಭದ ಬಾಗಿಲು ಒಂದೇ: 'ಹೋಂಸ್ಟೇ' ಎಂಬ ಫಲಕ.

ಮನೆ ಇಲ್ಲದ ಹೋಂಸ್ಟೇ

ಹೋಂಸ್ಟೇ ಎಂದರೇನು? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ವ್ಯಾಖ್ಯೆ ಸ್ಪಷ್ಟವಾಗಿದೆ. ಬಾಡಿಗೆಗೆ ಕೊಡುವ ಕೋಣೆಗಳು ಆರಕ್ಕಿಂತ ಹೆಚ್ಚಿರಬಾರದು, ಮಂಚಗಳು ಹನ್ನೆರಡಕ್ಕಿಂತ ಹೆಚ್ಚಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮಾಲಕರು ಕುಟುಂಬ ಸಮೇತ ಅದೇ ಮನೆಯಲ್ಲಿ ವಾಸವಿರಬೇಕು. ವಾಸವಿರುವ ಮನೆಯಲ್ಲಿ ಒಂದೆರಡು ಕೋಣೆ ಬಿಟ್ಟುಕೊಟ್ಟು, ಮನೆಯವರು ಉಣ್ಣುವುದನ್ನೇ ಅತಿಥಿಗೂ ಬಡಿಸುವುದು ಇದರ ಉದ್ದೇಶ. ಅದಕ್ಕಾಗಿಯೇ ಹೋಟೆಲಿಗಿರುವ ಕಟ್ಟುನಿಟ್ಟು ಇದಕ್ಕಿಲ್ಲ.

ವಾಸ್ತವ ಬೇರೆಯೇ. ಜಮೀನಿನ ನಡುವೆ ನಾಲ್ಕಾರು ಕಾಟೇಜು, ಒಂದೊಂದರಲ್ಲೂ ಗ್ಯಾಸ್ ಒಲೆ, ಫ್ರಿಜ್ಜು, ಪಾತ್ರೆ ಪರಡಿ. ಬರುವವರು ಬೇಕಾದ್ದನ್ನು ತಂದು ತಾವೇ ಬೇಯಿಸಿಕೊಳ್ಳಬಹುದು. ಮಾಲಕರು ಇರುವುದು ಬೆಂಗಳೂರಿನಲ್ಲೋ ಕಲ್ಲಿಕೋಟೆಯಲ್ಲೋ. ಬುಕಿಂಗ್ ಮೊಬೈಲಿನಲ್ಲಿ, ಹಣವೂ ಮೊಬೈಲಿನಲ್ಲಿ, ಬಾಗಿಲ ಬೀಗದ ಸಂಖ್ಯೆಯೂ ವಾಟ್ಸಾಪಿನಲ್ಲಿ. ಊರಿನವರಲ್ಲಿ ಅತಿಥಿ ಕಾಣುವುದು ಗೇಟು ತೆರೆಯುವ ಒಬ್ಬನನ್ನು ಮಾತ್ರ. ಕೆಲವೊಮ್ಮೆ ಆ ಜಮೀನು ಹಿಂದೆ ಅವನದೇ ಆಗಿತ್ತು. 2020ರಲ್ಲಿ ರಾಜ್ಯ ಸರಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿ ಮಾಡಿಕೊಟ್ಟಿತು. ಬೋರ್‌ವೆಲ್ ಬತ್ತಿ, ಟೊಮೆಟೊ ದರ ಬಿದ್ದು, ಆನೆ ಬೇಲಿ ಮುರಿದು ಸಾಲದಲ್ಲಿದ್ದ ರೈತನಿಗೆ ನಗರದಿಂದ ಬಂದ ಮೊತ್ತ ದೊಡ್ಡದಾಗಿ ಕಾಣದೆ ಇರುತ್ತದೆಯೇ? ಮಾರಿದ ಹಣ ಮಗಳ ಮದುವೆಗೆ, ಸಾಲಕ್ಕೆ ಹೋಯಿತು. ನಿನ್ನೆಯ ಯಜಮಾನ ಇಂದು ಕಾವಲುಗಾರ.

ಎಲ್ಲ ಹೋಂಸ್ಟೇಗಳೂ ಹೀಗೆಯೇ ಎನ್ನುವುದು ಅನ್ಯಾಯವಾದೀತು. ಸ್ವಂತ ಮನೆಯಲ್ಲೇ ಇದ್ದುಕೊಂಡು ಮುದ್ದೆ, ಸೊಪ್ಪಿನ ಸಾರು ಬಡಿಸಿ ಅತಿಥಿಗಳನ್ನು ನೋಡಿಕೊಳ್ಳುವ ಕುಟುಂಬಗಳೂ ಕಾಡಂಚಿನಲ್ಲಿವೆ. ಅಂಥವರಿಗೂ ಬರಿಯ ಫಲಕ ಹಾಕಿಕೊಂಡವರಿಗೂ ಒಂದೇ ಹೆಸರು ಇರುವುದರಿಂದ ಅಪಖ್ಯಾತಿ ಇವರಿಗೂ ಅಂಟುತ್ತಿದೆ.

ತಾವೇ ಬೇಯಿಸಿಕೊಳ್ಳುವುದು ತಪ್ಪೇ?

ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು. ಪ್ರವಾಸದಲ್ಲಿ ತಾವೇ ಅಡುಗೆ ಮಾಡಿಕೊಳ್ಳುವುದು ನಮಗೇನು ಹೊಸತಲ್ಲ. ವೇಲಾಂಕಣಿಗೆ ಹೊರಡುವಾಗ ಬಸ್ಸಿನ ಮೇಲೆ ಹಂಡೆ, ಕುಚ್ಚಲಕ್ಕಿ, ತೆಂಗಿನಕಾಯಿ, ಒಣಮೀನು ಕಟ್ಟಿಕೊಂಡು, ವಾಳೆಯ ಒಬ್ಬ ಅಡುಗೆಯವರನ್ನೂ ಕೂರಿಸಿಕೊಂಡು ಹೋದ ತಲೆಮಾರು ನಮ್ಮದು. ಬಡವರಿಗೆ ಯಾತ್ರೆ ಸಾಧ್ಯವಾದದ್ದೇ ಹಾಗೆ. ಹಸುಗೂಸು ಇರುವ ತಾಯಿಗೆ, ಪಥ್ಯದಲ್ಲಿರುವ ಹಿರಿಯರಿಗೆ, ಲೆಕ್ಕ ಹಾಕಿ ಖರ್ಚು ಮಾಡುವ ಧರ್ಮಭಗಿನಿಯರ ತಂಡಕ್ಕೆ ಒಲೆಯಿರುವ ಬಿಡಾರ ದೊಡ್ಡ ಅನುಕೂಲ.

ಇನ್ನೊಂದು ವಿಷಯವೂ ಇದೆ. ದೊಡ್ಡ ರೆಸಾರ್ಟಿನಲ್ಲಿ ಊಟ ಸಮೇತ ತಂಗುವವರು ಸ್ಥಳೀಯ ಸಂತೆಯನ್ನು ನೋಡುವುದೇ ಇಲ್ಲ. ಅಲ್ಲಿಗೆ ಕೋಳಿಯಿಂದ ಹಿಡಿದು ಕೊತ್ತಂಬರಿಯವರೆಗೆ ಮೈಸೂರಿನಿಂದ ಗಾಡಿಯಲ್ಲಿ ಬಂದರೂ ಕೇಳುವವರಿಲ್ಲ. ತಾನೇ ಬೇಯಿಸಿಕೊಳ್ಳುವ ಕುಟುಂಬ ಹಂಗಳದ ಅಂಗಡಿಯಲ್ಲಿ ಅಕ್ಕಿ, ಪಕ್ಕದ ಹೊಲದಲ್ಲಿ ಬೀನ್ಸು, ಟೊಮೆಟೊ, ಊರಿನ ಮನೆಯಿಂದ ಹಾಲು, ಮೊಟ್ಟೆ ಕೊಂಡರೆ ಊರಿಗೆ ರೆಸಾರ್ಟಿಗಿಂತ ಹೆಚ್ಚೇ ಸಿಗುತ್ತದೆ. ಕೊಂಡರೆ ಮಾತ್ರ! ಹೆಚ್ಚಿನ ಕಾರುಗಳ ಡಿಕ್ಕಿ ಹೊರಡುವ ಊರಿನ ಸೂಪರ್ ಮಾರ್ಕೆಟಿನಲ್ಲೇ ತುಂಬಿರುತ್ತದೆ. ನೀರಿನ ಬಾಟಲಿ ಕೂಡ ಅಲ್ಲಿಯದೇ. ಊರಿನಲ್ಲಿ ಬಿಟ್ಟುಹೋಗುವುದು ಖಾಲಿ ಬಾಟಲಿ, ಚಿಪ್ಸ್ ಪ್ಯಾಕೆಟು, ಉಳಿದ ಬಿರಿಯಾನಿ.

ಆ ಉಳಿದ ಬಿರಿಯಾನಿಯ ವಿಷಯ ಸಣ್ಣದಲ್ಲ. ಪೇಟೆಯಲ್ಲಿ ಅದು ಕಸ, ಕಾಡಂಚಿನಲ್ಲಿ ಅದು ಆಹ್ವಾನ. ಮಾಂಸದ ಚೂರಿಗೆ ಬೀದಿನಾಯಿ ಬರುತ್ತದೆ, ನಾಯಿಯನ್ನು ಹಿಡಿಯಲು ಚಿರತೆ ಬರುತ್ತದೆ. ಹಣ್ಣಿನ ಸಿಪ್ಪೆಗೆ ಹಂದಿ, ಮಂಗ. ಅಡುಗೆಮನೆಯ ಉಪ್ಪು, ರಾಗಿ, ಹಲಸಿನ ವಾಸನೆಗೆ ಆನೆ ಬಂದು ಗೋಡೆ ಒಡೆಯುವುದು ಕಾಡಿನ ಬದಿಯ ಜನರಿಗೆ ಗೊತ್ತಿರುವ ಸಂಗತಿ. ಸೋಮವಾರ ಬೆಳಿಗ್ಗೆ ಅತಿಥಿ ಕಾರು ಹತ್ತಿ ಹೋಗುತ್ತಾನೆ. ಚಿರತೆಗೆ ದಾರಿ ಪರಿಚಯವಾಗಿರುತ್ತದೆ. ಮರುದಿನ ಅದು ಹುಡುಕುವುದು ಪಕ್ಕದ ಮನೆಯ ಕುರಿಯನ್ನು. ಮನೆಯವರು ಇದ್ದು ನಡೆಸುವ ಹೋಂಸ್ಟೇಗೆ ಈ ಎಚ್ಚರ ತಾನಾಗಿಯೇ ಇರುತ್ತದೆ, ಏಕೆಂದರೆ ಆ ಕುರಿ ಅವರದೇ.

ಆದ್ದರಿಂದ ಅತಿಥಿ ಸ್ವತಃ ಬೇಯಿಸುತ್ತಾನೋ ಮನೆಯೊಡತಿ ಬೇಯಿಸಿ ಬಡಿಸುತ್ತಾಳೋ ಎಂಬುದು ನಮ್ಮ ಮಟ್ಟಿಗೆ ದೊಡ್ಡ ವಿಷಯವಲ್ಲ. ಆ ಅಂಗಳದಲ್ಲಿ ರಾತ್ರಿ ಮಲಗುವ ಮನೆಯವರೊಬ್ಬರು ಇದ್ದಾರೆಯೇ ಎಂಬುದೇ ವಿಷಯ.

2012ರ ಜುಲೈಯ ಒಂದು ವಾರ

ಹೋಂಸ್ಟೇಗಳ ಕಥೆಯಲ್ಲಿ 2012ರ ಜುಲೈ ತಿಂಗಳ ಕೊನೆಯ ವಾರವನ್ನು ನಾವು ನೆನಪಿಸಿಕೊಳ್ಳಬೇಕು. ಜುಲೈ 24ರಂದು ಸುಪ್ರೀಂ ಕೋರ್ಟ್ ಹುಲಿ ಸಂರಕ್ಷಿತ ಪ್ರದೇಶಗಳ ಒಳವಲಯದಲ್ಲಿ ಪ್ರವಾಸೋದ್ಯಮಕ್ಕೆ ಮಧ್ಯಂತರ ತಡೆ ನೀಡಿತು. ಮಾರ್ಗಸೂಚಿ ಸಿದ್ಧವಾದ ಮೇಲೆ ಅದೇ ಅಕ್ಟೋಬರಿನಲ್ಲಿ ತಡೆ ತೆರವಾಯಿತು. ಆ ಮೂರು ತಿಂಗಳು ಬಂಡೀಪುರದ ಸುತ್ತಿನ ವಸತಿಗಳಿಗೆ ಒಂದು ಪಾಠ ಇತ್ತು. ಸಫಾರಿಯೊಂದನ್ನೇ ನಂಬಿದ ವ್ಯಾಪಾರ ಒಂದು ಆದೇಶಕ್ಕೆ ನಿಂತುಹೋಗುತ್ತದೆ. ಹದಿಮೂರು ವರ್ಷಗಳ ನಂತರ, 2025ರ ನವೆಂಬರಿನಲ್ಲಿ, ಅದೇ ಪಾಠ ಮತ್ತೊಮ್ಮೆ ಬಂತು. ಜೀಪು ಓಡಿಸುವವನು, ಕೋಣೆ ಗುಡಿಸುವ ಹೆಣ್ಣುಮಗಳು, ಚಾ ಅಂಗಡಿಯವನು ಇವರ ದಿನಗೂಲಿಗೆ ಬೀಳುವ ಹೊಡೆತ ಬೆಂಗಳೂರಿನ ಮಾಲಕರಿಗೆ ಬೀಳುವುದಿಲ್ಲ. ಅವರಿಗೆ ಅದು ಒಂದು ಹೂಡಿಕೆಯ ಒಂದು ಕೆಟ್ಟ ತಿಂಗಳು, ಅಷ್ಟೇ.

ಅದೇ ವಾರ ಜುಲೈ 28ರಂದು ಮಂಗಳೂರಿನ ಪಡೀಲಿನ ಒಂದು ಹೋಂಸ್ಟೇಗೆ ಗುಂಪೊಂದು ನುಗ್ಗಿ, ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರನ್ನು ಹೊಡೆದು ಅವಮಾನಿಸಿತು. ದೇಶವೆಲ್ಲ ಟಿವಿಯಲ್ಲಿ ಅದನ್ನು ನೋಡಿತು. ಕರಾವಳಿಯಲ್ಲಿ 'ಹೋಂಸ್ಟೇ' ಎಂಬ ಪದವೇ ಕೆಟ್ಟ ಪದವಾಯಿತು. ಪೊಲೀಸರು, ಸ್ಥಳೀಯ ಸಂಸ್ಥೆಗಳು ಪರವಾನಿಗೆ ಕೇಳತೊಡಗಿದರು. ಒಳ್ಳೆಯ ರೀತಿಯಲ್ಲಿ ನಡೆಸುತ್ತಿದ್ದವರೂ ಫಲಕ ತೆಗೆದಿಡುವ ಕಾಲ ಬಂತು. ಆರೋಪಿಗಳನ್ನು 2024ರ ಆಗಸ್ಟಿನಲ್ಲಿ ಮಂಗಳೂರಿನ ನ್ಯಾಯಾಲಯ ಖುಲಾಸೆಗೊಳಿಸಿತು. ಹನ್ನೆರಡು ವರ್ಷದ ಬಳಿಕ ಹೊಡೆತ ತಿಂದವರಿಗೆ ಸಿಕ್ಕಿದ್ದೇನು ಎಂಬುದನ್ನು ಓದುಗರೇ ಯೋಚಿಸಲಿ.

ಒಂದು ಘಟನೆ ಕಾಡಿನದು, ಇನ್ನೊಂದು ಪೇಟೆಯದು. ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಎರಡರ ಪರಿಣಾಮವೂ ಒಂದೇ ಕಡೆ ಬಂದು ನಿಂತಿತು. ಅತಿಥಿಯನ್ನು ಕರೆದು ಮನೆಯಲ್ಲಿ ಇರಿಸಿಕೊಳ್ಳುವ ಸಣ್ಣ ಕುಟುಂಬ ಹೆದರಿತು. ಹೆದರದೆ ಉಳಿದದ್ದು ಹಣಬಲ, ಸಂಪರ್ಕ ಇರುವವರು.

ನಮ್ಮ ಖಾಲಿ ಮನೆಗಳು

ಈಗ ಘಟ್ಟ ಇಳಿದು ನಮ್ಮ ಧರ್ಮಕೇಂದ್ರಗಳಿಗೆ ಬರೋಣ. ಯಾವ ವಾಳೆಯ ಗುರಿಕಾರರನ್ನು ಕೇಳಿದರೂ ಬೀಗ ಹಾಕಿದ ಮನೆಗಳನ್ನು ತೋರಿಸುತ್ತಾರೆ. ಮಕ್ಕಳು ದುಬೈ, ಕುವೈತ್, ಕೆನಡಾ. ಅಪ್ಪ ತೀರಿಕೊಂಡರು. ಅಮ್ಮ ಒಬ್ಬರೇ ಇದ್ದಾರೆ, ಅಥವಾ ಅಮ್ಮನೂ ಮಗಳ ಮನೆಗೋ ವೃದ್ಧಾಶ್ರಮಕ್ಕೋ ಹೋಗಿದ್ದಾರೆ. ಹಂಚಿನ ಮನೆ, ಬಾವಿ, ಅಡಿಕೆ ತೋಟ, ಹತ್ತು ನಿಮಿಷ ನಡೆದರೆ ಕಡಲು. ಇಂಥ ಮನೆಗೆ ಬಣ್ಣ ಬಳಿದು, ಎಸಿ ಹಾಕಿಸಿ, ಒಲೆ ಪಾತ್ರೆ ಇಟ್ಟು ದಿನಬಾಡಿಗೆಗೆ ಕೊಡೋಣ ಎಂದು ಮಕ್ಕಳಿಗೆ ಅನ್ನಿಸುವುದು ಸಹಜ. ಬೀಳುವ ಮನೆ ಉಳಿಯುತ್ತದೆ, ನಾಲ್ಕು ಕಾಸೂ ಬರುತ್ತದೆ. ಅದನ್ನು ನಾವು ವಿರೋಧಿಸುವುದಿಲ್ಲ. ಹಂಚು ಜಾರಿ, ಗೆದ್ದಲು ಹಿಡಿದು ಒಂದು ಮಳೆಗಾಲದಲ್ಲಿ ಕುಸಿಯುವ ಮನೆಗಿಂತ ಅತಿಥಿಯಿರುವ ಮನೆ ಎಷ್ಟೋ ಮೇಲು.

ಆದರೆ ಹಂಗಳದಲ್ಲಿ ಕಂಡದ್ದೇ ಇಲ್ಲೂ ಕಾಣುತ್ತದೆ. ನಡೆಸುವವರು ಊರಿನಲ್ಲಿಲ್ಲ. ಕೀಲಿಕೈ ಒಬ್ಬ ಮಧ್ಯವರ್ತಿಯ ಬಳಿ. ಶನಿವಾರ ರಾತ್ರಿ ಯಾರು ಬಂದರು, ಎಷ್ಟು ಜನ ಬಂದರು ಎಂಬುದು ದುಬೈಯಲ್ಲಿರುವ ಮಗನಿಗೂ ಗೊತ್ತಿಲ್ಲ, ಪಕ್ಕದ ಮನೆಯವರಿಗೂ ಗೊತ್ತಿಲ್ಲ. ಗಲಾಟೆಯಾದರೆ ನೆರೆಯವರು ಫೋನ್ ಮಾಡುವುದು ಯಾರಿಗೆ? ಮಾಡುವುದು ಧರ್ಮಗುರುಗಳಿಗೆ! ಮನೆಯ ಹೆಸರು ಇನ್ನೂ ಅಪ್ಪನ ಹೆಸರಿನಲ್ಲೇ ಗೇಟಿನಲ್ಲಿದೆ.

2024ರ ನವೆಂಬರ್ 17ರಂದು ಉಳ್ಳಾಲದ ಸೋಮೇಶ್ವರ ಉಚ್ಚಿಲದ ಖಾಸಗಿ ವಸತಿಯೊಂದರ ಈಜುಕೊಳದಲ್ಲಿ ಮೈಸೂರಿನಿಂದ ವಾರಾಂತ್ಯಕ್ಕೆ ಬಂದಿದ್ದ ಮೂವರು ಯುವತಿಯರು ಮುಳುಗಿ ಸತ್ತರು. ಕಡಲಿನಲ್ಲಲ್ಲ, ಮನೆಯಂಗಳದಷ್ಟು ಅಗಲದ ಕೊಳದಲ್ಲಿ. ಜೀವರಕ್ಷಕರು ಇರಲಿಲ್ಲ. ಕೂಗು ಕೇಳಿ ಓಡಿಬರಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಮೈಸೂರಿನವರು ನಮ್ಮ ಕಡಲು ನೋಡಲು ಬರುತ್ತಾರೆ, ನಾವು ಅವರ ಕಾಡು ನೋಡಲು ಹೋಗುತ್ತೇವೆ. ಇಬ್ಬರೂ ಹೋಗುವುದು ಮನೆಯವರಿಲ್ಲದ ಮನೆಗಳಿಗೆ. 2025ರ ಮಾರ್ಚ್ 6ರ ರಾತ್ರಿ ಕೊಪ್ಪಳ ಜಿಲ್ಲೆಯ ಸಾಣಾಪುರದಲ್ಲಿ ನಡೆದದ್ದು ಇನ್ನೊಂದು ಬಗೆಯ ದುರಂತ. ಅಲ್ಲಿ ಹೋಂಸ್ಟೇ ನಡೆಸುವ ಮಹಿಳೆಯೇ ಅತಿಥಿಗಳ ಜೊತೆಗಿದ್ದರು. ಆಕೆಯ ಮೇಲೂ ವಿದೇಶಿ ಪ್ರವಾಸಿ ಮಹಿಳೆಯ ಮೇಲೂ ಅತ್ಯಾಚಾರವಾಯಿತು, ಜೊತೆಗಿದ್ದ ಒಬ್ಬ ಪ್ರವಾಸಿ ಪ್ರಾಣ ಕಳೆದುಕೊಂಡ. ಮನೆಯವರು ಜೊತೆಗಿದ್ದರೆ ಎಲ್ಲವೂ ಸುರಕ್ಷಿತ ಎಂದು ನಾವು ಹೇಳುತ್ತಿಲ್ಲ. ಬೀಟ್ ಪೊಲೀಸ್, ಪಂಚಾಯತ್, ದಾರಿದೀಪ ಇವೂ ಬೇಕು. ಅತಿಥಿ ಬಂದಿದ್ದಾನೆಂದು ಊರಿಗೆ ಗೊತ್ತಿದ್ದರೆ ಮಾತ್ರ ಊರು ಕಾಯುತ್ತದೆ.

ಮನೆ ಬಾಡಿಗೆಗೆ ಕೊಡಹೊರಟ ನಮ್ಮವರಿಗೆ ಕೆಲವು ಸಂಗತಿಗಳು ಗೊತ್ತಿರಬೇಕು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸದೆ ಹೋಂಸ್ಟೇ ಎಂದು ಫಲಕ ಹಾಕುವಂತಿಲ್ಲ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ವರದಿ ಮಾಡಬೇಕು. ವಿದೇಶಿ ಪೌರತ್ವ ಪಡೆದ ನಮ್ಮದೇ ಸಂಬಂಧಿಕರಿಗೆ ಬಾಡಿಗೆಗೆ ಕೊಡುವಾಗಲೂ ನಿಯಮ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅತಿಥಿಗಳ ಅಡುಗೆಮನೆಯಲ್ಲಿ ಮನೆಬಳಕೆಯ ಕೆಂಪು ಸಿಲಿಂಡರ್ ಇಡುವುದು ಕಾನೂನುಬಾಹಿರ. ವಾಣಿಜ್ಯ ಬಳಕೆಯ 19 ಕಿಲೋದ್ದೇ ಬೇಕು. ಕಡಲ ಬದಿಯಾದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. 2019ರ ಅಧಿಸೂಚನೆ ಸ್ಥಳೀಯ ಸಮುದಾಯದವರು, ಮೀನುಗಾರರೂ ಸೇರಿ, ತಮ್ಮ ಇರುವ ಮನೆಯ ಪಂಚಾಂಗ, ವಿನ್ಯಾಸ ಬದಲಿಸದೆ ಹೋಂಸ್ಟೇ ನಡೆಸಲು ಅವಕಾಶ ಕೊಟ್ಟಿದೆ. ಆ ನಿಯಮವೂ ಕೇಂದ್ರದ ಯೋಜನೆಯೂ ಒಂದೇ ಮಾತು ಹೇಳುತ್ತಿವೆ: ಇರುವ ಮನೆ, ಇರುವ ಜನ.

ಕುಂಬಳಂಗಿ ತೋರಿಸಿದ್ದು

ಹಾಗಾದರೆ ಸರಿಯಾಗಿ ನಡೆದ ಕಡೆ ಇಲ್ಲವೇ? ಇದೆ. ಕೊಚ್ಚಿಯ ಪಕ್ಕದ ಕುಂಬಳಂಗಿ ಹಿನ್ನೀರಿನ ನಡುವಿನ ಸಣ್ಣ ಊರು. ಕ್ರೈಸ್ತ ಮೀನುಗಾರ ಕುಟುಂಬಗಳು ಬಹಳವಿರುವ ಊರು. 2003ರಲ್ಲಿ ಕೇರಳ ಸರಕಾರ ಅದನ್ನು ಮಾದರಿ ಪ್ರವಾಸೋದ್ಯಮ ಗ್ರಾಮವನ್ನಾಗಿ ಆರಿಸಿತು. ದೊಡ್ಡ ಹೋಟೆಲು ಕಟ್ಟಲಿಲ್ಲ. ಮೀನುಗಾರರ, ರೈತರ ಮನೆಗಳಲ್ಲೇ ಕೋಣೆ. ಅತಿಥಿಗೆ ಚೀನಾ ಬಲೆ ಎಳೆಯುವುದು, ಏಡಿ ಸಾಕಣೆ, ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ತೋರಿಸುವುದು, ಮನೆಯವರು ಮಾಡಿದ ಮೀನಿನ ಸಾರು, ಮರಗೆಣಸು ಬಡಿಸುವುದು. ಅಲ್ಲಿ ಪ್ರವಾಸಿ ನೋಡಲು ಬರುವುದೇ ಆ ಜನರ ಬದುಕನ್ನು. ಹಾಗಾಗಿ ಆ ಜನರನ್ನು ಹೊರಗಿಟ್ಟು ವ್ಯಾಪಾರ ಮಾಡುವುದು ಸುಲಭವಲ್ಲ. 2019ರಲ್ಲಿ ಬಂದ 'ಕುಂಬಳಂಗಿ ನೈಟ್ಸ್' ಎಂಬ ಮಲಯಾಳ ಸಿನಿಮಾ ನೋಡಿದ ಯುವಜನರಿಗೆ ಅದರಲ್ಲಿರುವ ಹೋಂಸ್ಟೇ ನಡೆಸುವ ಮನೆ ನೆನಪಿರಬಹುದು.

ಕುಮರಕಂ ಇನ್ನೊಂದು ಉದಾಹರಣೆ. ಅಲ್ಲಿ ದೊಡ್ಡ ಹೋಟೆಲುಗಳೇ ಇದ್ದವು, ಊರಿನವರಿಗೂ ಹೋಟೆಲಿಗೂ ಆಗುತ್ತಿರಲಿಲ್ಲ. 2008ರಿಂದ ಪಂಚಾಯತ್ ಮುಂದೆ ನಿಂತು ಕುಟುಂಬಶ್ರೀ ಮಹಿಳಾ ಗುಂಪುಗಳು ಬೆಳೆದ ತರಕಾರಿಯನ್ನು ಹೋಟೆಲುಗಳು ಕೊಳ್ಳುವ ಏರ್ಪಾಡು ಮಾಡಿತು. ಗುಂಡ್ಲುಪೇಟೆಯ ನೆರೆಯ ವಯನಾಡೂ ಅದೇ ಯೋಜನೆಯ ಆರಂಭದ ಕೇಂದ್ರಗಳಲ್ಲೊಂದು. ಗುಂಡ್ಲುಪೇಟೆಯ ತರಕಾರಿ ಗಡಿ ದಾಟಿ ಕೇರಳದ ಪ್ರವಾಸಿಗಳ ಹೊಟ್ಟೆ ತುಂಬಿಸುತ್ತದೆ. ಹಂಗಳದಲ್ಲೇ ತಂಗಿದ ಪ್ರವಾಸಿಗೆ ಮಾತ್ರ ಅದನ್ನು ತಲುಪಿಸುವ ಏರ್ಪಾಡು ಯಾರೂ ಮಾಡಲಿಲ್ಲ.

ಇಲ್ಲಿ ಧರ್ಮಸಭೆಯ ಸಾಮಾಜಿಕ ಸಂಸ್ಥೆಗಳಿಗೆ ಕೆಲಸ ಇದೆ ಎಂದು ನಮಗನ್ನಿಸುತ್ತದೆ. ಚಾಮರಾಜನಗರ ಜಿಲ್ಲೆ ಮೈಸೂರು ಧರ್ಮಪ್ರಾಂತ್ಯದ ವ್ಯಾಪ್ತಿಗೆ ಸೇರುತ್ತದೆ. ಆ ಧರ್ಮಪ್ರಾಂತ್ಯದ ಓಡಿಪಿ ಸಂಸ್ಥೆ ಮಹಿಳಾ ಸ್ವಸಹಾಯ ಸಂಘಗಳನ್ನು ಕಟ್ಟಿದೆ. ಮಂಗಳೂರಿನಲ್ಲಿ ಸಿಓಡಿಪಿ ಇದೇ ಕೆಲಸ ಮಾಡಿದೆ. ಒಂದು ಕಡೆಯಿಂದ ಪ್ರವಾಸಕ್ಕೆ ಹೊರಡುವ ಧರ್ಮಕೇಂದ್ರಗಳಿವೆ, ಇನ್ನೊಂದು ಕಡೆ ರೊಟ್ಟಿ, ಚಟ್ನಿಪುಡಿ, ತರಕಾರಿ ಮಾರಬಲ್ಲ ಹೆಣ್ಣುಮಕ್ಕಳ ಸಂಘಗಳಿವೆ. ಮಧ್ಯೆ ಬೇಕಾದ್ದು ಒಂದು ದೂರವಾಣಿ ಕರೆ. ಇದಕ್ಕೆ ದೊಡ್ಡ ಯೋಜನೆಯೂ ಬೇಡ, ಉದ್ಘಾಟನಾ ಸಮಾರಂಭವೂ ಬೇಡ.

ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರದ ಬಗ್ಗೆ ನಮ್ಮಲ್ಲಿ ವಿಚಾರಗೋಷ್ಠಿಗಳು ನಡೆದಿವೆ, ಗಿಡ ನೆಟ್ಟಿದ್ದೇವೆ, ಫೋಟೋ ಹಾಕಿದ್ದೇವೆ. ಪ್ರಕೃತಿಯ ಗೋಳು ಮತ್ತು ಬಡವರ ಗೋಳು ಬೇರೆ ಬೇರೆಯಲ್ಲ ಎಂಬ ಅದರ ಮುಖ್ಯ ವಿಚಾರ ಪ್ರವಾಸದ ಬಸ್ಸು ಹತ್ತುವಾಗಲೂ ಅನ್ವಯವಾಗುತ್ತದೆ ಎಂದು ಎಷ್ಟು ಮಂದಿಗೆ ಹೊಳೆದಿದೆ? ಮಮ್ರೆಯ ಓಕ್ ಮರಗಳ ಬಳಿ ಅಬ್ರಹಾಮನು ಅಪರಿಚಿತರನ್ನು ಕಂಡಾಗ ಡೇರೆಯ ಕೀಲಿಕೈ ಕೊಟ್ಟು ಹೋಗಲಿಲ್ಲ. ಸಾರಳು ಹಿಟ್ಟು ನಾದಿದಳು, ಅವನು ತಾನೇ ಮರದಡಿ ನಿಂತು ಬಡಿಸಿದ. ಆ ಭಾಗವನ್ನು ನಾವು ಬಲಿಪೂಜೆಯಲ್ಲಿ ಕೇಳುತ್ತಲೇ ಬಂದಿದ್ದೇವೆ.

ಮುಂದಿನ ಪ್ರವಾಸಕ್ಕೆ ಮೊದಲು

ಐಸಿವೈಎಂ ಘಟಕಗಳು, ಗಾಯನ ಮಂಡಳಿಗಳು, ಸ್ತ್ರೀ ಸಂಘಟನೆಗಳು ಪ್ರವಾಸ ಹಾಕುವಾಗ ಬಸ್ಸಿನ ಬಾಡಿಗೆ, ಕೋಣೆಯ ದರ ಎರಡನ್ನೇ ನೋಡುತ್ತಾರೆ. ದರ ಕಡಿಮೆಯೆಂದು ಇಂಟರ್ನೆಟ್ಟಿನಲ್ಲಿ ಕಂಡ ಕಾಟೇಜನ್ನು ಹಿಡಿಯುವ ಮೊದಲು ಆ ಸಂಖ್ಯೆಗೆ ಕರೆ ಮಾಡಿ, ನೀವು ಅದೇ ಮನೆಯಲ್ಲಿ ಇರುತ್ತೀರಾ, ನೋಂದಣಿ ಸಂಖ್ಯೆ ಎಷ್ಟು ಎಂದು ಕೇಳಿದರೆ ಅರ್ಧ ವಿಷಯ ತಿಳಿಯುತ್ತದೆ. ಆ ಕಡೆಯಿಂದ ಬರುವ ಉತ್ತರದ ಧ್ವನಿಯಲ್ಲೇ ಉಳಿದರ್ಧ ತಿಳಿಯುತ್ತದೆ. ಮಕ್ಕಳನ್ನು ಕರೆದೊಯ್ಯುವವರು ಈಜುಕೊಳ ಇದೆಯೇ, ಆಳ ಎಷ್ಟು, ನೋಡಿಕೊಳ್ಳಲು ಯಾರಿದ್ದಾರೆ ಎಂದೂ ಕೇಳಲಿ.

ಅಡುಗೆ ಸಾಮಾನು ಕಟ್ಟಿಕೊಂಡು ಹೋಗುವವರು ಕುಚ್ಚಲಕ್ಕಿ, ಒಣಮೀನು ಒಯ್ಯಲಿ. ಅದು ಗುಂಡ್ಲುಪೇಟೆಯಲ್ಲಿ ಸಿಗುವುದು ಕಷ್ಟ! ತರಕಾರಿಯನ್ನು ಮಾತ್ರ ಅಲ್ಲೇ ಕೊಳ್ಳಬಹುದು. ನಮ್ಮಲ್ಲಿ ಸಿಗುವ ಬೀನ್ಸಿಗಿಂತ ತಾಜಾ, ಬೆಲೆಯೂ ಕಡಿಮೆ. ಉಳಿದ ಊಟವನ್ನು ಬೇಲಿಯಾಚೆ ಎಸೆಯುವುದು, ದಾರಿಯಲ್ಲಿ ಜಿಂಕೆಗೆ, ಮಂಗಕ್ಕೆ ಬಾಳೆಹಣ್ಣು ಕೊಡಲು ಬಸ್ಸು ನಿಲ್ಲಿಸುವುದು ಬೇಡವೇ ಬೇಡ. ರಾತ್ರಿ 9ಕ್ಕೆ ಕಾಡಿನ ಗೇಟು ಮುಚ್ಚುತ್ತದೆ ಎಂಬುದನ್ನು ಚಾಲಕನಿಗೆ ಮಂಗಳೂರಿನಲ್ಲೇ ನೆನಪಿಸಿದರೆ ಅಲ್ಲಿ ಗೇಟಿನವರೊಡನೆ ಜಗಳವಾಡುವ ಪ್ರಮೇಯ ಬರುವುದಿಲ್ಲ.

ಕ್ಯಾಂಪ್‌ಫಯರ್ ವಿಷಯ ಬೇರೆಯಾಗಿಯೇ ಹೇಳಬೇಕು. ಯುವಜನರಿಗೆ ಬೆಂಕಿಯ ಸುತ್ತ ಹಾಡದಿದ್ದರೆ ಪ್ರವಾಸವೇ ಅಲ್ಲ. ನಮ್ಮ ಕಡೆಯ ಹಸಿ ನೆಲದಲ್ಲಿ ಅದು ನಡೆದೀತು. ಬಂಡೀಪುರದಲ್ಲಿ ಫೆಬ್ರವರಿಯಿಂದ ಮುಂಗಾರು ಪೂರ್ವ ಮಳೆ ಬರುವವರೆಗೆ ಹುಲ್ಲು, ಲಂಟಾನ ಒಣಗಿ ನಿಂತಿರುತ್ತದೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟುಹೋಯಿತು. ಗಾಳಿಗೆ ಕಿಡಿ ಹಾರಿ ರಸ್ತೆ ದಾಟಿತ್ತು. ಬೆಂಕಿ ಆರಿಸಲು ಸೊಪ್ಪಿನ ಕೊಂಬೆ ಹಿಡಿದು ಓಡಿದವರಲ್ಲಿ ಅರಣ್ಯ ಸಿಬ್ಬಂದಿಯ ಜೊತೆ ದಿನಗೂಲಿಯ ಆದಿವಾಸಿ ಯುವಕರೂ ದೂರದೂರಿನಿಂದ ಬಂದ ಸ್ವಯಂಸೇವಕರೂ ಇದ್ದರು. ನಮ್ಮ ಪ್ರವಾಸಗಳಲ್ಲಿ ಹೆಚ್ಚಿನವು ಹೊರಡುವುದು ಏಪ್ರಿಲ್, ಮೇ ರಜೆಯಲ್ಲಿ. ಕಾಟೇಜಿನವರು ಸೌದೆಗೆ ಇಷ್ಟು, ಬೆಂಕಿಗೆ ಇಷ್ಟು ಎಂದು ದರಪಟ್ಟಿಯಲ್ಲೇ ಬರೆದಿದ್ದರೂ ಆ ಸಾಲನ್ನು ಹೊಡೆದುಹಾಕಲು ಹೇಳುವುದು ತಂಡದ ಹಿರಿಯರ ಜವಾಬ್ದಾರಿ.